ಒಂದೇ ವಿಡಾಲ್ ಸಾಲದು

ಮಳೆಗಾಲದಲ್ಲಿ ಮೂರು ದಿನ ಜ್ವರ ಬಿಡದಿದ್ದರೆ ನಮ್ಮ ಬಹುತೇಕ ಊರುಗಳಲ್ಲಿ ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ವಿಡಾಲ್ ಇದ್ದೇ ಇರುತ್ತದೆ. ಸಂಜೆಗೆ ವರದಿ ಬರುತ್ತದೆ. ‘ಸ್ವಲ್ಪ ಟೈಫಾಯ್ಡ್ ಇದೆ’ ಎನ್ನುತ್ತಾರೆ. ಆ ರಾತ್ರಿಯೇ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರುವಾಗುತ್ತದೆ. ಆಂಟಿಬಯೋಟಿಕ್‌ಗೆ ಬಗ್ಗದ ರೋಗಾಣುಗಳ ಮಾತು ಬಂದಾಗಲೆಲ್ಲ ನಾವು ಚೀಟಿಯಿಲ್ಲದೆ ಮಾತ್ರೆ ಕೊಡುವ ಅಂಗಡಿಯವರನ್ನೂ ಅರ್ಧಕ್ಕೆ ಮಾತ್ರೆ ಬಿಡುವ ರೋಗಿಯನ್ನೂ ದೂರುತ್ತೇವೆ. ಚೀಟಿಯೂ ಇದ್ದು, ಲ್ಯಾಬ್ ವರದಿಯೂ ಇದ್ದು ತಪ್ಪಾಗಿ ಖರ್ಚಾಗುವ ಔಷಧದ ಲೆಕ್ಕ ಕೇಳುವವರಿಲ್ಲ.

ವಿಡಾಲ್ 1896ರಷ್ಟು ಹಳೆಯ ಪರೀಕ್ಷೆ. ಅದು ಟೈಫಾಯ್ಡ್ ರೋಗಾಣುವನ್ನು ಹುಡುಕುವುದಿಲ್ಲ; ಅದರ ವಿರುದ್ಧ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಅಳೆಯುತ್ತದೆ. ಅವು ಸಾಮಾನ್ಯವಾಗಿ ಏರುವುದು ಜ್ವರದ ಎರಡನೇ ವಾರದಲ್ಲಿ. ಹಿಂದೆಂದೋ ಬಂದುಹೋದ ಟೈಫಾಯ್ಡ್, ಹಾಕಿಸಿಕೊಂಡ ಲಸಿಕೆ, ಮಲೇರಿಯಾದಂಥ ಬೇರೆ ಜ್ವರ ಯಾವುದಿದ್ದರೂ ವರದಿ ಪಾಸಿಟಿವ್ ಆಗಬಹುದು. ಹತ್ತು ದಿನದ ಅಂತರದಲ್ಲಿ ಎರಡು ಬಾರಿ ರಕ್ತ ತೆಗೆದು, ಪ್ರಮಾಣ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಿದರೆ ಮಾತ್ರ ಈ ಪರೀಕ್ಷೆಗೆ ಅರ್ಥವಿದೆ. ಹಾಗೆ ನೋಡುವವರು ವಿರಳ. ಇಲ್ಲಿ ಔಷಧವೊಂದೇ ಪೋಲಾಗುವುದಿಲ್ಲ. ಸ್ಕ್ರಬ್ ಟೈಫಸ್ ಆದವರಿಗೂ ಟೈಫಾಯ್ಡ್ ಎಂಬ ಹೆಸರು ಬಿದ್ದರೆ, ಅಗ್ಗದ ಡಾಕ್ಸಿಸೈಕ್ಲಿನ್‌ನಿಂದ ವಾಸಿಯಾಗಬೇಕಾದ ಜ್ವರಕ್ಕೆ ಕೆಲಸ ಮಾಡದ ಇಂಜೆಕ್ಷನ್ ಹೋಗುತ್ತದೆ. ಆ ತಡದಲ್ಲಿ ಜೀವ ಹೋಗಬಹುದು.

ಟೈಫಾಯ್ಡ್‌ಗೆ ಕೊಡುವ ಔಷಧಗಳು ಒಂದೊಂದಾಗಿ ಕೈಕೊಟ್ಟಿವೆ. 1972ರಲ್ಲಿ ಪಕ್ಕದ ಕಲ್ಲಿಕೋಟೆಯಲ್ಲಿ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಾಯ್ಡ್ ಹರಡಿತು. ಆಮೇಲೆ ಬಂದ ಸಿಪ್ರೊಫ್ಲಾಕ್ಸಾಸಿನ್‌ಗೂ ಇಂದು ಭಾರತದ ಟೈಫಾಯ್ಡ್ ರೋಗಾಣುಗಳಲ್ಲಿ ಬಹುಪಾಲು ಬಗ್ಗುವುದಿಲ್ಲ. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಿಂದ ಹಬ್ಬಿದ ತಳಿಗೆ ಸೆಫ್ಟ್ರಿಯಾಕ್ಸೋನ್ ಕೂಡ ನಾಟಲಿಲ್ಲ. ಬಾಯಿಂದ ಕೊಡಬಹುದಾದದ್ದು ಅಜಿಥ್ರೊಮೈಸಿನ್ ಒಂದೇ ಉಳಿಯಿತು. ನಾವು ವಿಡಾಲ್ ನಂಬಿ ಮನಸ್ಸಿಗೆ ಬಂದಂತೆ ಬಳಸುತ್ತಿರುವುದೂ ಇವೇ ಎರಡು ಔಷಧಗಳನ್ನು.

ಸರಿಯಾದ ಪರೀಕ್ಷೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವುದು. ಅದಕ್ಕೂ ಮಿತಿಯಿದೆ: ಹತ್ತು ಟೈಫಾಯ್ಡ್ ರೋಗಿಗಳಲ್ಲಿ ಸುಮಾರು ಆರು ಮಂದಿಯಲ್ಲಷ್ಟೇ ರೋಗಾಣು ಸಿಗುತ್ತದೆ, ಫಲಿತಾಂಶಕ್ಕೆ ಎರಡು ಮೂರು ದಿನ ಕಾಯಬೇಕು. ಆದರೆ ಸಿಕ್ಕ ರೋಗಾಣು ಯಾವ ಔಷಧಕ್ಕೆ ಸಾಯುತ್ತದೆ ಎಂಬುದನ್ನೂ ಅದು ತಿಳಿಸುತ್ತದೆ. ವಿಡಾಲ್ ಎಂದಿಗೂ ಅದನ್ನು ತಿಳಿಸಲಾರದು. ತೀವ್ರ ಜ್ವರದವರನ್ನು ಕಾಯಿಸಬೇಕಾಗಿಯೂ ಇಲ್ಲ. ಮೊದಲ ಡೋಸ್‌ಗೆ ಮುಂಚೆ ರಕ್ತ ತೆಗೆದಿಟ್ಟುಕೊಂಡು ಚಿಕಿತ್ಸೆ ಆರಂಭಿಸಬಹುದು, ವರದಿ ಬಂದ ಮೇಲೆ ಔಷಧ ಬದಲಿಸಬಹುದು ಇಲ್ಲವೇ ನಿಲ್ಲಿಸಬಹುದು. ಪ್ರತಿ ತಾಲ್ಲೂಕಿಗೂ ದೊಡ್ಡ ಪ್ರಯೋಗಾಲಯ ಬೇಕೆಂದೇನಿಲ್ಲ. ಕಲ್ಚರ್ ಬಾಟಲಿಗೆ ಫ್ರಿಜ್ ಬೇಡ. ಅದನ್ನು ಅಂದೇ ಜಿಲ್ಲಾ ಆಸ್ಪತ್ರೆಗೋ ಸರ್ಕಾರಿ ವೈದ್ಯಕೀಯ ಕಾಲೇಜಿಗೋ ತಲುಪಿಸುವ ವ್ಯವಸ್ಥೆ ಸಾಕು. ರೋಗಾಣುವನ್ನೂ ಅದು ಬಗ್ಗುವ ಔಷಧವನ್ನೂ ಪರೀಕ್ಷೆಯಿಂದಲೇ ತಿಳಿದುಕೊಳ್ಳುವುದನ್ನು ಕ್ಷಯದ ವಿಷಯದಲ್ಲಿ ಮಾಡಿ ತೋರಿಸಿದ್ದೇವೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್, ಕಫದಲ್ಲಿ ಕ್ಷಯದ ರೋಗಾಣು ಇದೆಯೇ, ಇದ್ದರೆ ಕ್ಷಯದ ಪ್ರಮುಖ ಔಷಧ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನು ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದನ್ನು ಅನುಮೋದಿಸಿತು. ಕ್ಷಯಕ್ಕೆ ತೋರಿದ ಶಿಸ್ತನ್ನು ಮಳೆಗಾಲದ ಜ್ವರಗಳಿಗೂ ತೋರಬೇಕು. ಮುಂದಿನ ಮಳೆಗಾಲದೊಳಗೆ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಕಲ್ಚರ್ ಬಾಟಲಿಗಳನ್ನೂ ಅವನ್ನು ಒಯ್ಯುವ ವಾಹನವನ್ನೂ ಆರೋಗ್ಯ ಇಲಾಖೆ ಒದಗಿಸಲಿ. ಒಂದೇ ವಿಡಾಲ್ ವರದಿ ನೋಡಿ ಆಂಟಿಬಯೋಟಿಕ್ ಬರೆಯುವುದನ್ನು ವೈದ್ಯರು ಇಂದೇ ನಿಲ್ಲಿಸಲಿ.