ಸಸ್ಯಾಹಾರವೂ ನಮ್ಮ ಮಕ್ಕಳ ಲವಲವಿಕೆಯೂ

ಬೆಳಗಿನ ಪಾಳಿಯಲ್ಲಿ ಪಾಠ ಹೇಳುವವರೆಲ್ಲರಿಗೂ ಪರಿಚಿತವಾದ ಒಂದು ಹೊತ್ತು ಇದೆ. ಏಳು ಗಂಟೆಗೆ ಪ್ರಾರ್ಥನೆ ಮುಗಿದ ಮೇಲೆ ಮೊದಲ ಎರಡು ಮೂರು ಅವಧಿಗಳು ಹೇಗೋ ಸಾಗುತ್ತವೆ. ನಾಲ್ಕನೆಯ ಅವಧಿಯ ಹೊತ್ತಿಗೆ, ಒಂಬತ್ತು ಗಂಟೆಯ ಸುಮಾರಿಗೆ, ತರಗತಿಯ ಮೇಲೆ ಒಂದು ಬಗೆಯ ಮಂಕು ಕವಿಯುತ್ತದೆ. ಬರೆಯುತ್ತಿದ್ದ ಕೈ ನಿಲ್ಲುತ್ತದೆ. ಗಲ್ಲವು ಅಂಗೈಯನ್ನು ಆಶ್ರಯಿಸುತ್ತದೆ. ಹಿಂದಿನ ಬಾಕಿನಲ್ಲಿ ಒಂದೆರಡು ತಲೆಗಳು ಮೆಲ್ಲನೆ ವಾಲುತ್ತವೆ. ಪಂಪನ ಮಾತಿರಲಿ, ಬೇಂದ್ರೆಯವರ ಹಾಡನ್ನು ಎತ್ತರದ ದನಿಯಲ್ಲಿ ಓದಿದರೂ ಆ ಮಂಕು ಹರಿಯುವುದಿಲ್ಲ. ಇದನ್ನು ನಾನು ಬಹುಕಾಲ ಸೋಮಾರಿತನವೆಂದೇ ತಿಳಿದಿದ್ದೆ.

ಹಾಗೆ ತಿಳಿದದ್ದಕ್ಕೆ ಎರಡು ವರ್ಷಗಳ ಹಿಂದೆ ನಾನು ನಾಚಿಕೆಪಡಬೇಕಾಯಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ಅದೇ ಹೊತ್ತಿಗೆ ತೂಕಡಿಸುತ್ತಿದ್ದಳು. ಒಂದು ದಿನ ಸಿಟ್ಟಿನಿಂದ ಅವಳನ್ನು ಎದ್ದು ನಿಲ್ಲಿಸಿದೆ. ಆಕೆ ಎರಡು ನಿಮಿಷ ನಿಂತು, ಡೆಸ್ಕನ್ನು ಹಿಡಿದುಕೊಂಡು ಕುಸಿದು ಕುಳಿತಳು. “ಕಣ್ಣಿಗೆ ಕತ್ತಲಿ ಬಂದಂಗಾತರಿ ಅಕ್ಕೋರ,” ಎಂದಷ್ಟೇ ಹೇಳಿದಳು. ತಾಯಿಯನ್ನು ಕರೆಸಿ, ಇಬ್ಬರೂ ಕೂಡಿ ಆಕೆಯನ್ನು ದವಾಖಾನೆಗೆ ಕರೆದೊಯ್ದೆವು. 100 ಮಿಲಿಲೀಟರು ರಕ್ತದಲ್ಲಿ 12 ಗ್ರಾಮಿಗೆ ಕಡಿಮೆಯಿಲ್ಲದೆ ಇರಬೇಕಾದ ಹಿಮೋಗ್ಲೋಬಿನ್ ಆಕೆಯಲ್ಲಿ 8 ಗ್ರಾಮಿನಷ್ಟಿತ್ತು. ವರ್ಷವೆಲ್ಲ ನಾನು ಬೈದದ್ದು ಸೋಮಾರಿತನವನ್ನಲ್ಲ, ಒಂದು ಕಾಯಿಲೆಯನ್ನು.

ಆ ಮನೆಯವರು ಶುದ್ಧ ಸಸ್ಯಾಹಾರಿಗಳು. ಸುದ್ದಿ ತಿಳಿದ ನೆರೆಹೊರೆಯವರು, ಮೊಟ್ಟೆ ಮಾಂಸ ತಿನ್ನದಿದ್ದರೆ ಮೈಯಲ್ಲಿ ಕಸುವು ಎಲ್ಲಿಂದ ಬರಬೇಕು ಎಂದು ತೀರ್ಪು ಕೊಟ್ಟರು. ಆ ತೀರ್ಪನ್ನು ಪರೀಕ್ಷಿಸಬೇಕೆಂದು ನನಗೆ ತೋರಿತು. ನಾನು ವೈದ್ಯೆಯಲ್ಲ, ವಿಜ್ಞಾನದ ಶಿಕ್ಷಕಿಯೂ ಅಲ್ಲ, ಕನ್ನಡ ಕಲಿಸುವವಳು. ಆದರೂ ಓದಿ ಕೇಳಿ ತಿಳಿದುಕೊಂಡದ್ದನ್ನು ಪಾಲಕರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನ ರಕ್ತಹೀನತೆಯುಳ್ಳವರು. ಪೂರ್ಣ ಸಸ್ಯಾಹಾರಿಗಳು ಈ ದೇಶದಲ್ಲಿ ಅಲ್ಪಸಂಖ್ಯಾತರು. ಆದ್ದರಿಂದ ಈ ದೋಷವನ್ನೆಲ್ಲ ಸಸ್ಯಾಹಾರದ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ಶಾಲೆಯಲ್ಲಿ ಕರಾವಳಿಯ ಮಕ್ಕಳಿದ್ದಾರೆ, ಮೀನು ತಿನ್ನುವವರಿದ್ದಾರೆ. ಅವರೊಡನೆ ನನಗೆ ವಾದವಿಲ್ಲ, ಅವರ ಊಟ ಅವರಿಗೆ ಒಳಿತು. ನನ್ನ ವಾದವಿರುವುದು ಸಸ್ಯಾಹಾರಿಗಳೊಡನೆಯೇ. ಸಸ್ಯಾಹಾರವೆಂಬುದು ನಾವು ಏನನ್ನು ಬಿಟ್ಟಿದ್ದೇವೆಂಬುದರ ಹೆಸರೇ ಹೊರತು, ಏನನ್ನು ತಿನ್ನುತ್ತೇವೆಂಬುದರ ಹೆಸರಲ್ಲ. ಚಹಾ ಸಸ್ಯಾಹಾರ, ಖಾರಿ ಬಿಸ್ಕೀಟು ಸಸ್ಯಾಹಾರ, ಬರಿಯ ಅನ್ನಕ್ಕೆ ತಿಳಿಸಾರು ಹಾಕಿಕೊಂಡರೆ ಅದೂ ಸಸ್ಯಾಹಾರ. ಆ ಹುಡುಗಿಯ ದಿನಚರಿಯನ್ನು ಕೇಳಿದಾಗ ತಿಳಿದದ್ದು ಇಷ್ಟು: ಬೆಳಗ್ಗೆ ಆರಕ್ಕೆ ಚಹಾ ಮತ್ತು ಎರಡು ಖಾರಿ, ಮಧ್ಯಾಹ್ನ ಅನ್ನ ಸಾರು, ಅದರ ಬೆನ್ನಿಗೇ ಮತ್ತೆ ಚಹಾ, ಸಂಜೆ ಓಣಿಯ ತುದಿಯಲ್ಲಿ ಒಂದು ವಡಾಪಾವ್, ರಾತ್ರಿ ಮತ್ತೆ ಅನ್ನ.

ನಾನು ವಿಜಾಪುರ ಜಿಲ್ಲೆಯಿಂದ ಬಂದವಳು. ನಮ್ಮ ಕಡೆಯ ಬಡವರ ಮನೆಯ ತಾಟನ್ನು ನೆನೆದುಕೊಂಡರೆ ಈ ನಗರದ ಊಟದ ಕೊರತೆ ತಾನಾಗಿಯೇ ಕಾಣುತ್ತದೆ. ಜೋಳದ ರೊಟ್ಟಿ, ಮಡಕೆ ಕಾಳಿನ ಇಲ್ಲವೆ ಹೆಸರು ಕಾಳಿನ ಪಲ್ಯ, ಶೇಂಗಾ ಹಿಂಡಿ ಅಥವಾ ಗುರೆಳ್ಳು ಹಿಂಡಿ, ಹಸಿ ಮೆಂತ್ಯದ ಸೊಪ್ಪು, ಒಂದು ಉಳ್ಳಾಗಡ್ಡಿ, ಕೊನೆಗೆ ಮಜ್ಜಿಗೆ. ಇದರಲ್ಲಿ ಮಾಂಸವಿಲ್ಲ, ಆದರೆ ಕಾಣೆಯಾದದ್ದು ಬಹಳವೂ ಇಲ್ಲ. ಆಹಾರತಜ್ಞರ ಹೇಳಿಕೆಯಂತೆ ಧಾನ್ಯದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳುಗಳಲ್ಲಿ ಮಿಥಿಯೊನಿನ್ ಎಂಬುದು ಕಡಿಮೆ. ಎರಡನ್ನೂ ಕೂಡಿ ಉಂಡರೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ರೊಟ್ಟಿಗೆ ಕಾಳುಪಲ್ಯ ಜೊತೆಯಾದದ್ದು ಹೀಗೆ ಸಾರ್ಥಕವಾಯಿತು. ಕಾಳನ್ನು ಮೊಳಕೆ ಬರಿಸಿದಾಗ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ವಸ್ತು ತಗ್ಗಿ, ಸಿ ಜೀವಸತ್ವ ಹೊಸದಾಗಿ ಹುಟ್ಟುತ್ತದೆ. ಈ ಸಿ ಜೀವಸತ್ವವೇ ಸಸ್ಯಮೂಲದ ಕಬ್ಬಿಣವನ್ನು ರಕ್ತಕ್ಕೆ ಸೇರಿಸುವ ಮುಖ್ಯ ಸಹಾಯಕ. ಕಾಳುಪಲ್ಯದ ಮೇಲೆ ಅರ್ಧ ಲಿಂಬೆ ಹಿಂಡಿಕೊಳ್ಳುವುದು ಬರಿಯ ರುಚಿಯ ಮಾತಲ್ಲ. ಸಸ್ಯದಲ್ಲಿರುವ ಕಬ್ಬಿಣ ಮಾಂಸದಲ್ಲಿರುವಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲವೆಂಬುದು ನಿಜ. ಅದಕ್ಕಾಗಿಯೇ ಲಿಂಬೆ, ನೆಲ್ಲಿಕಾಯಿ, ಪೇರಲ, ಟೊಮೇಟೊಗಳ ಪೈಕಿ ಏನಾದರೊಂದು ಜೊತೆಗಿರಬೇಕು.

ಶೇಂಗಾದ ಮಾತನ್ನು ಬಿಡಲಾರೆ. ಒಂದು ಹಿಡಿಯಷ್ಟು, ಎಂದರೆ ಸುಮಾರು 30 ಗ್ರಾಂ ಶೇಂಗಾ ಕಾಳಿನಲ್ಲಿ 7 ಗ್ರಾಮಿನಷ್ಟು ಸಸಾರಜನಕವಿದೆ. ಒಂದು ಕೋಳಿಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಗುಣದಲ್ಲಿ ಮೊಟ್ಟೆಯದು ಮೇಲೆಂಬುದನ್ನು ಒಪ್ಪಿಕೊಂಡರೂ, ಬೆಲ್ಲದೊಡನೆ ಕಿಸೆಯಲ್ಲಿ ಹಾಕಿಕೊಂಡು ಬರಬಹುದಾದ ಈ ವಸ್ತುವನ್ನು ಬಿಟ್ಟು ನಮ್ಮ ಪಾಲಕರು ಜಾಹೀರಾತಿನ ಡಬ್ಬಿಗಳಿಗೆ ಹಣ ಸುರಿಯುವುದನ್ನು ಕಂಡು ವ್ಯಥೆಯಾಗುತ್ತದೆ. ಹಾಲಿಗೆ ಹಾಕುವ ಇಂಥ ಸಿಹಿಪುಡಿಗಳನ್ನು ‘ಆರೋಗ್ಯ ಪೇಯ’ವೆಂಬ ಹೆಸರಿನ ಕೆಳಗೆ ಮಾರಬಾರದೆಂದು ಕೇಂದ್ರದ ವಾಣಿಜ್ಯ ಸಚಿವಾಲಯವೇ 2024ರ ಏಪ್ರಿಲಿನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿದೆ. ಆದರೂ ಅವುಗಳ ಮೋಹ ಕುಗ್ಗಿಲ್ಲ.

ಊರಿನ ತಾಟು ಮುಂಬಯಿಯಲ್ಲಿ ಏಕೆ ಬಡವಾಯಿತು? ತಾಯಂದಿರ ಅಲಕ್ಷ್ಯದಿಂದಲ್ಲ. ಒಂದೇ ಕೋಣೆಯ ಮನೆ, ಗೊತ್ತಾದ ಹೊತ್ತಿಗೆ ಮಾತ್ರ ಬರುವ ನೀರು, ಮಕ್ಕಳಿಗಿಂತ ಮೊದಲೇ ಕೆಲಸಕ್ಕೆ ಹೊರಡಬೇಕಾದ ತಾಯಿ. “ಐದೂವರಿಗೆ ನಾನ ಮನಿ ಬಿಡ್ತೀನ್ರಿ ಅಕ್ಕೋರ, ರೊಟ್ಟಿ ಯಾವಾಗ ಬಡೀಲಿ?” ಎಂದು ಆ ಹುಡುಗಿಯ ತಾಯಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕುಕ್ಕರಿನ ಅನ್ನ ಬೇಗ ಆಗುತ್ತದೆ, ಚಹಾ ಅದಕ್ಕಿಂತ ಬೇಗ ಆಗುತ್ತದೆ. 1890ರ ಸುಮಾರಿನಿಂದ ಈ ನಗರದ ಡಬ್ಬೇವಾಲರು ಕಚೇರಿಯ ಗಂಡಸರಿಗೆ ಮನೆಯ ಬಿಸಿಯೂಟವನ್ನು ತಪ್ಪದೆ ಮುಟ್ಟಿಸುತ್ತ ಬಂದಿದ್ದಾರೆ. ಆರೂವರೆಗೆ ಮನೆ ಬಿಡುವ ಮಗುವಿನ ಡಬ್ಬಿಯ ಯೋಚನೆಯನ್ನು ಮಾತ್ರ ಇನ್ನೂ ಯಾರೂ ಮಾಡಿಲ್ಲ.

ಚಹಾದ ವಿಷಯದಲ್ಲಿ ನಾನು ಕಠಿಣವಾಗಿಯೇ ಮಾತನಾಡಬೇಕಾಗಿದೆ, ನಾನೂ ಅದರ ದಾಸಳೆಂಬುದನ್ನು ಒಪ್ಪಿಕೊಂಡೇ. ಚಹಾದಲ್ಲಿರುವ ಒಗರು ಪದಾರ್ಥಗಳು ಆಹಾರದ ಕಬ್ಬಿಣವನ್ನು ಹೊಟ್ಟೆಯಲ್ಲಿಯೇ ಬಂಧಿಸಿ, ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಮಾಂಸದ ಕಬ್ಬಿಣಕ್ಕಿಂತ ಸಸ್ಯದ ಕಬ್ಬಿಣಕ್ಕೆ ಈ ಬಾಧೆ ಹೆಚ್ಚು. ಎಂದರೆ ಸಸ್ಯಾಹಾರಿಯ ಊಟದ ಬೆನ್ನಿಗೆ ಬರುವ ಚಹಾ, ಆ ಊಟದಲ್ಲಿದ್ದ ಅಲ್ಪಸ್ವಲ್ಪ ಕಬ್ಬಿಣವನ್ನೂ ಕಸಿದುಕೊಳ್ಳುತ್ತದೆ. ಜೊತೆಗೆ ಅದು ಹಸಿವನ್ನು ಮರೆಯಿಸುತ್ತದೆ. ಖಾಲಿ ಹೊಟ್ಟೆಯ ಮಗು ತನಗೆ ಹಸಿವಿಲ್ಲವೆಂದೇ ನಂಬಿ ಶಾಲೆಗೆ ಬರುತ್ತದೆ. ಅನೀಮಿಯಾಮುಕ್ತ ಭಾರತ ಕಾರ್ಯಕ್ರಮದಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಗುಳಿಗೆಯನ್ನು ಕೂಡ ಕೆಲವರು ಮನೆಗೆ ಒಯ್ದು ಚಹಾದೊಡನೆ ನುಂಗುತ್ತಾರೆ. ಇನ್ನು ಕೆಲವರು ಹಸಿದ ಹೊಟ್ಟೆಯಲ್ಲಿ ನುಂಗಿ, ವಾಕರಿಕೆ ಬಂದು, ಮರುವಾರ ಅದನ್ನು ಕಿಡಕಿಯಿಂದ ಎಸೆಯುತ್ತಾರೆ. ಗುಳಿಗೆಯನ್ನು ಊಟದ ನಂತರ ನೀರಿನೊಡನೆ ತೆಗೆದುಕೊಳ್ಳಬೇಕು. ಚಹಾ ಬೇಕೇ ಬೇಕೆನ್ನುವ ದೊಡ್ಡವರು ಊಟಕ್ಕೂ ಚಹಾಕ್ಕೂ ನಡುವೆ ಒಂದೆರಡು ತಾಸಿನ ಅಂತರವಿಡಬೇಕು. ಮಕ್ಕಳಿಗಂತೂ ಅದರ ಅವಶ್ಯಕತೆಯೇ ಇಲ್ಲ.

ಸಸ್ಯಾಹಾರವನ್ನು ಟೀಕಿಸುವವರ ಒಂದು ಮಾತು ಮಾತ್ರ ಸತ್ಯ. ಬಿ-12 ಎಂಬ ಜೀವಸತ್ವ ಸೊಪ್ಪಿನಲ್ಲಾಗಲಿ ಕಾಳಿನಲ್ಲಾಗಲಿ ದೊರೆಯುವುದಿಲ್ಲ. ಸಸ್ಯಾಹಾರಿಗೆ ಅದು ಹಾಲು, ಮೊಸರು, ಮಜ್ಜಿಗೆಗಳಿಂದಲೇ ಬರಬೇಕು. ಇದರ ಕೊರತೆಯಿಂದಲೂ ದಣಿವು ಬರುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಚಹಾಕ್ಕೆ ಹಾಕುವ ನಾಲ್ಕು ಚಮಚ ಹಾಲನ್ನೇ ಹಾಲಿನ ಲೆಕ್ಕಕ್ಕೆ ಹಿಡಿಯುವ ಮನೆಗಳಲ್ಲಿ ಈ ಅಪಾಯ ಸುಳ್ಳಲ್ಲ. ಹಾಗೆಯೇ, ಹಿಮೋಗ್ಲೋಬಿನ್ 8ಕ್ಕೆ ಇಳಿದವರಿಗೆ ಬರಿಯ ಕಾಳುಪಲ್ಯ ಸಾಲದು. ಅವರಿಗೆ ವೈದ್ಯರ ಔಷಧವೇ ಬೇಕು. ದಣಿವು ತಿಂಗಳುಗಟ್ಟಲೆ ಬಿಡದಿದ್ದರೆ ರಕ್ತಪರೀಕ್ಷೆ ಮಾಡಿಸಲು ಹಿಂಜರಿಯಬಾರದು.

ಇನ್ನು ಶಾಲೆಯ ಪಾಲಿನ ಮಾತು. ಸರಕಾರದ ಮಧ್ಯಾಹ್ನದ ಊಟದ ಯೋಜನೆ ಪ್ರಾಥಮಿಕ ಮಕ್ಕಳಿಗೆ ದಿನಕ್ಕೆ 450 ಕ್ಯಾಲರಿ, 12 ಗ್ರಾಂ ಸಸಾರಜನಕವನ್ನೂ, ಮೇಲಿನ ತರಗತಿಗಳವರಿಗೆ 700 ಕ್ಯಾಲರಿ, 20 ಗ್ರಾಂ ಸಸಾರಜನಕವನ್ನೂ ಗೊತ್ತುಪಡಿಸಿದೆ. ಒಳ್ಳೆಯದೇ. ಆದರೆ ಅದು ಎಂಟನೆಯ ತರಗತಿಗೆ ಮುಗಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು 2020ರಲ್ಲಿ ಹೇಳಿರುವಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು. ಅದೇ ವಯಸ್ಸಿನ ಹುಡುಗನಿಗೆ 22 ಸಾಕು. ಮೈ ಬೆಳೆಯುವ ಕಾಲ, ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವ ಕಾಲ. ಸರಿಯಾಗಿ ಆ ಕಾಲಕ್ಕೆ ಶಾಲೆಯ ಊಟ ನಿಲ್ಲುತ್ತದೆ. ಕರ್ನಾಟಕದಲ್ಲಿ ಹತ್ತನೆಯ ತರಗತಿಯವರೆಗೂ ಊಟವಿದೆ. 2024ರ ಫೆಬ್ರವರಿಯಲ್ಲಿ ಹಾಲಿನೊಡನೆ ರಾಗಿ ಮಾಲ್ಟನ್ನೂ ಕೊಡಲಾರಂಭಿಸಿದರು. ಮಹಾರಾಷ್ಟ್ರ ಸರಕಾರವೂ ಅದೇ ತಿಂಗಳಲ್ಲಿ, ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಒಂಬತ್ತಕ್ಕಿಂತ ಮೊದಲು ಆರಂಭವಾಗಬಾರದೆಂದು ಆಜ್ಞೆ ಮಾಡಿತು. ಚಿಕ್ಕವರಿಗೆ ನಿದ್ದೆ ದೊರೆಯಿತು, ಸಂತೋಷ. ಬೆಳಗಿನ ಪಾಳಿಯ ನಮ್ಮ ಒಂಬತ್ತು ಹತ್ತನೆಯವರಿಗೆ ನಿದ್ದೆಯೂ ಇಲ್ಲ, ಊಟವೂ ಇಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ನಮ್ಮ ದೊಡ್ಡ ಬಿಡುವನ್ನು ಒಂಬತ್ತು ಗಂಟೆಗೇ ತಂದು, ಆ ಹೊತ್ತಿಗೆ ಈ ಎರಡು ತರಗತಿಗಳ ಮಕ್ಕಳಿಗೆ ಒಂದೊಂದು ಬಟ್ಟಲು ಮೊಳಕೆ ಕಾಳು, ಲಿಂಬೆಹಣ್ಣು ಹಿಂಡಿ, ಶಾಲೆಯಲ್ಲಿಯೇ ಕೊಡಬೇಕು. ರಾತ್ರಿ ನೆನೆಯಿಟ್ಟು ಬಟ್ಟೆಯಲ್ಲಿ ಕಟ್ಟಿದರೆ ಮುಂಬಯಿಯ ಸೆಕೆಗೆ ಕಾಳು ಊರಿಗಿಂತ ಬೇಗ ಮೊಳೆಯುತ್ತದೆ. ಬೆಳಗ್ಗೆ ಒಂದು ಕುದಿ ಬರಿಸಿದರೆ ಮುಗಿಯಿತು. ನಮ್ಮ ಮರಾಠಿ ನೆರೆಯವರ ಉಸಳವೂ ಇದೇ ಅಲ್ಲವೆ? ಇದರ ಖರ್ಚನ್ನು ಯಾರು ವಹಿಸಬೇಕೆಂದು ಆಡಳಿತ ಮಂಡಳಿಯವರು ಕೇಳಬಹುದು. ಈ ನಗರದ ಕನ್ನಡಿಗರ ಕೀರ್ತಿ ಹಬ್ಬಿದ್ದೇ ಊಟ ಬಡಿಸುವುದರಿಂದ. ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಆರಂಭವಾಯಿತು. ಅಂಥ ಎಷ್ಟೋ ಉಪಾಹಾರಗೃಹಗಳಲ್ಲಿ ಹಗಲು ದುಡಿದ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಅವರ ಕಷ್ಟ ದೊಡ್ಡದೇ; ಆದರೆ ಹೊಟೇಲಿನವರಾದ್ದರಿಂದ ಅವರು ಉಂಡು ಓದಲು ಬರುತ್ತಿದ್ದರು. ಇಂದು ಆ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ದಿನದ ಕಾಳನ್ನೋ ಇಡ್ಲಿಯನ್ನೋ ವಹಿಸಿಕೊಂಡರೆ ಅವರ ಪಾಲಿಗೆ ಅದು ಭಾರವಾಗಲಾರದು.

ಆ ಹುಡುಗಿ ಆರು ತಿಂಗಳು ಔಷಧ ತೆಗೆದುಕೊಂಡಳು. ಬೆಳಗಿನ ಚಹಾ ಬಿಟ್ಟಳು. ರಾತ್ರಿಯ ಉಳಿದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ತಿಂದು ಬರತೊಡಗಿದಳು. ಈಗ ರಾತ್ರಿ ರೊಟ್ಟಿ ಬಡಿಯುವವಳೂ ಆಕೆಯೇ ಎಂದು ತಾಯಿ ಹೇಳುತ್ತಾರೆ. ಕಳೆದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.6ಕ್ಕೆ ಬಂದಿತ್ತು.

ಜೂನಿನಲ್ಲಿ ಶಾಲೆ ತೆರೆದಾಗ ಮೊದಲನೆಯ ವಾರದ ಮಡಕೆ ಕಾಳು ನನ್ನದು. ಎರಡನೆಯ ವಾರಕ್ಕೆ ಹೆಸರು ಬರೆಯಿಸುವ ಪಾಲಕರು ಶಿಕ್ಷಕರ ಕೊಠಡಿಯಲ್ಲಿ ನನ್ನನ್ನು ಕಾಣಬಹುದು.