ಕುಶಲರ ಕೊರತೆಯೋ, ಕೂಲಿಯ ಕೊರತೆಯೋ?

ಉದ್ಯಮಿಗಳ ಸಭೆಗಳಲ್ಲಿ ವರ್ಷವೂ ತಪ್ಪದೆ ಕೇಳಿಬರುವ ದೂರೊಂದಿದೆ: ತಯಾರಿಕಾ ವಲಯಕ್ಕೆ ಕುಶಲ ಕಾರ್ಮಿಕರು ಸಿಗುತ್ತಿಲ್ಲ. ಸರ್ಕಾರಗಳೂ ಇದನ್ನು ಪ್ರಶ್ನಿಸದೆ ಒಪ್ಪಿ ತರಬೇತಿ ಯೋಜನೆಗಳನ್ನು ಘೋಷಿಸುತ್ತವೆ. ದೂರು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಯಾವ ದರಕ್ಕೆ ಸಿಗುತ್ತಿಲ್ಲ ಎಂಬುದನ್ನು ಕೇಳಲೇಬೇಕು.

ಮಾರುಕಟ್ಟೆಯಲ್ಲಿ ಈರುಳ್ಳಿ ಕಡಿಮೆಯಾದರೆ ಬೆಲೆ ಏರುತ್ತದೆ. ಕುಶಲರು ವಿರಳರಾಗಿದ್ದರೆ ಅವರ ವೇತನವೂ ಏರಬೇಕಿತ್ತು. ಕೇಂದ್ರದ 2024-25ರ ಆರ್ಥಿಕ ಸಮೀಕ್ಷೆಯ ಪ್ರಕಾರ, 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3ರಷ್ಟು ಹೆಚ್ಚಿದರೆ ಉದ್ಯೋಗ ಬೆಳೆದದ್ದು ಶೇ 1.5 ಮಾತ್ರ. (ಇದು ತಯಾರಿಕೆಯೊಂದನ್ನೇ ಕುರಿತ ಅಂಕಿಯಲ್ಲ, ನಿಜ.) ಕಾರ್ಖಾನೆಗಳನ್ನಷ್ಟೇ ಲೆಕ್ಕ ಹಾಕುವ ವಾರ್ಷಿಕ ಕೈಗಾರಿಕಾ ಸಮೀಕ್ಷೆಯನ್ನು ನೋಡಿದರೆ, ಕಾರ್ಮಿಕರಲ್ಲಿ ಗುತ್ತಿಗೆಯವರ ಪಾಲು 2000-01ರಲ್ಲಿ ಸುಮಾರು ಶೇ 20 ಇದ್ದದ್ದು 2022-23ರ ಹೊತ್ತಿಗೆ ಶೇ 40ನ್ನು ದಾಟಿದೆ. ಸಿಗದ ವಸ್ತುವನ್ನು ಯಾರೂ ಹೀಗೆ ದಿನಬಾಡಿಗೆಗೆ ಪಡೆಯಲಾರರು.

ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರಂದು ನಡೆದ ದಾಂದಲೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕೆಲವು ಕಾರ್ಮಿಕರಿಗೆ ಸರಿಯಾದ ವೇತನ ಸಕಾಲಕ್ಕೆ ಸಂದಿರಲಿಲ್ಲ ಎಂದು ಬಳಿಕ ಕಂಪನಿಯೇ ಒಪ್ಪಿಕೊಂಡಿತು. ಆ ಸುದ್ದಿ ಓದಿದ ಹಳ್ಳಿಯ ತಂದೆ ಮಗನನ್ನು ಐಟಿಐಗೆ ಸೇರಿಸಲು ಹಿಂಜರಿದರೆ ತಪ್ಪು ಯಾರದು?

ನಿಜವಾದ ಕೊರತೆ ಬೇರೆಡೆ ಇದೆ. ಅಚ್ಚು ತಯಾರಿಸುವ, ಸಿಎನ್‌ಸಿ ಯಂತ್ರವನ್ನು ಹೊಂದಿಸಿ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ತೆಗೆಯುವ ಕೈಗಳು ಮೂರು ತಿಂಗಳ ಶಿಬಿರದಲ್ಲಿ ಪಳಗುವುದಿಲ್ಲ. ಹಿರಿಯ ಕೆಲಸಗಾರನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕಲಿಯಬೇಕು. ಬೆಂಗಳೂರಿಗೆ ಅಂಥವರನ್ನು ಕೊಟ್ಟದ್ದು ಎಚ್‌ಎಂಟಿಯಂತಹ ಸಾರ್ವಜನಿಕ ಉದ್ದಿಮೆಗಳು. ಅಲ್ಲಿ ಪಳಗಿದವರಿಂದ ಖಾಸಗಿ ಕಾರ್ಖಾನೆಗಳೂ ಲಾಭ ಪಡೆದವು. ಎಚ್‌ಎಂಟಿ ಕೈಗಡಿಯಾರ ಘಟಕಗಳನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಕಲಿಸುವ ಹೊಣೆಯನ್ನು ಮಾತ್ರ ಯಾರೂ ಹೊರಲಿಲ್ಲ. ತಾನು ಕಲಿಸಿದವನನ್ನು ನೆರೆಯವನು ಸೆಳೆದೊಯ್ದಾನು ಎಂಬ ಭಯ ಪ್ರತಿ ಮಾಲೀಕನಿಗೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಇರುವುದು ಈ ಭಯವನ್ನು ಎಲ್ಲರ ಮೇಲೂ ಸಮನಾಗಿ ಹಂಚುವುದಕ್ಕೆ. ಅನೇಕ ಕಡೆ ಅಪ್ರೆಂಟಿಸ್ ಎಂದರೆ ಅಗ್ಗದ ಕೈ ಎಂದಷ್ಟೇ ಅರ್ಥ.

ಪೀಣ್ಯದ ಸಣ್ಣ ಘಟಕಗಳ ಸಂಕಟವನ್ನು ಇದರೊಂದಿಗೆ ಬೆರೆಸಬಾರದು. ಬಿಡಿಭಾಗದ ದರವನ್ನು ದೊಡ್ಡ ಕಂಪನಿಯೇ ನಿಗದಿ ಮಾಡಿದಾಗ, ಹೆಚ್ಚು ಕೂಲಿ ಕೊಡುವ ಮನಸ್ಸಿದ್ದರೂ ಕೊಡಲು ಹಣವಿರುವುದಿಲ್ಲ. ಕೊರತೆಯ ಹೆಸರಿನಲ್ಲಿ ಸರ್ಕಾರದ ರಿಯಾಯಿತಿ ಕೇಳುವ ದೊಡ್ಡ ಉದ್ದಿಮೆಗಳಿಂದ ಎರಡು ವಿವರಗಳನ್ನು ಪಡೆಯಬೇಕು: ಖಾಲಿ ಹುದ್ದೆಗೆ ಎಷ್ಟು ವೇತನ ಘೋಷಿಸಿದ್ದೀರಿ, ಕಳೆದ ವರ್ಷದ ಅಪ್ರೆಂಟಿಸರಲ್ಲಿ ಎಷ್ಟು ಮಂದಿಯನ್ನು ಕಾಯಂ ಮಾಡಿದ್ದೀರಿ?