ಗಣಕಯಂತ್ರದೊಳಗಿನ ವಜ್ರ

ಸೂರತ್ತಿನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಕುಶಲಕರ್ಮಿಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅದೇ ಊರಿನಲ್ಲಿ ಇಂದು ಅನಿಲದಿಂದ ಪದರ ಪದರವಾಗಿ ವಜ್ರವನ್ನು ಬೆಳೆಸುವವರೂ ಇದ್ದಾರೆ. ಇಂಗಾಲದ ಪರಮಾಣುಗಳು ಒಂದು ಬಗೆಯಲ್ಲಿ ಜೋಡಣೆಗೊಂಡರೆ ವಜ್ರ. ಇನ್ನೊಂದು ಬಗೆಯಲ್ಲಿ ಸೇರಿದರೆ ಪೆನ್ಸಿಲಿನ ಗ್ರಾಫೈಟು. ಈ ಭೇದವನ್ನು ಕುಲುಮೆ ಹೊತ್ತಿಸದೆ ಲೆಕ್ಕದಿಂದಲೇ ಅರಿಯುವ ವಿದ್ಯೆಯೊಂದು ಬೆಳೆದಿದೆ. ನಮ್ಮ ಮನೆಗಳಲ್ಲಿ ಅದರ ಸುದ್ದಿಯೇ ಇಲ್ಲ.

ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೊಮೀಟರು. ಅಷ್ಟು ಬದಿಯುಳ್ಳ ವಜ್ರದ ಘನದಲ್ಲಿ ಸುಮಾರು 176 ಪರಮಾಣುಗಳಿರುತ್ತವೆ. ಒಂದರ ಮೇಲೊಂದು ಬೀರುವ ಬಲವನ್ನು ಎಣಿಸಿ, ಪ್ರತಿಯೊಂದನ್ನೂ ಕೂದಲೆಳೆಗಿಂತ ಕಿರಿದಾಗಿ ಸರಿಸಿ, ಮತ್ತೆ ಎಣಿಸಬೇಕು. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಚಲನೆಯನ್ನು ಕಾಣಲು ಇಂಥ ಸುಮಾರು ಹತ್ತು ಲಕ್ಷ ಹೆಜ್ಜೆಗಳು ಬೇಕು. ಹೈದರಾಬಾದಿನಲ್ಲಿ ಜನಿಸಿದ ಅನೀಸುರ್ ರಹಮಾನ್ ಅವರು 1964ರಲ್ಲಿ ಅಮೆರಿಕದಲ್ಲಿ 864 ಆರ್ಗಾನ್ ಪರಮಾಣುಗಳನ್ನು ಹೀಗೆ ನಡೆಸಿ ತೋರಿಸಿದರು.

ಅಹಮದಾಬಾದಿನ ಮಗ್ಗುಲಲ್ಲೇ ಇರುವ ಗಾಂಧಿನಗರದ ಐ.ಐ.ಟಿ.ಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಅನಂತ’ದ ಸಾಮರ್ಥ್ಯ ಸೆಕೆಂಡಿಗೆ 838 ಲಕ್ಷ ಕೋಟಿ ಗಣನೆ. ವಡೋದರದ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲೂ, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದಲ್ಲೂ ಇಂಥ ಸಂಶೋಧನೆ ನಡೆದಿದೆ.

ಆದರೆ ಯಂತ್ರವೊಂದೇ ಸಾಲದು. ಅದು ಯಾವ ಪ್ರಶ್ನೆಗೂ ಅಂಕಿಗಳಲ್ಲಿ ಉತ್ತರ ಕೊಟ್ಟೀತು. ಆ ಉತ್ತರ ನಿಸರ್ಗಕ್ಕೆ ಒಪ್ಪುವುದೇ ಎಂಬುದನ್ನು ಹೇಳಲಾರದು. ಯಾವ ಅಂದಾಜನ್ನು ಎಲ್ಲಿಯವರೆಗೆ ನಂಬಬೇಕು, ಯಾವುದನ್ನು ಪ್ರಯೋಗಶಾಲೆಯಲ್ಲಿ ಒರೆಗೆ ಹಚ್ಚಬೇಕು ಎಂಬ ವಿವೇಕ ಬರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಧ್ಯಯನದಿಂದ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಮಗಳು ಭೌತಶಾಸ್ತ್ರ ಓದುತ್ತೇನೆಂದಾಗ, “ಅದೆಲ್ಲ ಏಕಮ್ಮಾ, ಕಂಪ್ಯೂಟರ್ ತೆಗೆದುಕೋ” ಎಂದವನು ನಾನೇ. ವರ್ಗಾವಣೆಗಳ ನಡುವೆ ಬದುಕು ಕಟ್ಟಿಕೊಂಡ ತಂದೆಯ ಭಯವದು. ಮಗಳು ಮಾತು ಮೀರಲಿಲ್ಲ, ಉದ್ಯೋಗವೂ ದೊರೆಯಿತು. ಆದರೆ ಗಣಕವೂ ಭೌತಶಾಸ್ತ್ರವೂ ಒಂದೇ ಮೇಜಿನ ಮೇಲೆ ಕೂಡಬಹುದೆಂಬುದು ನನಗೆ ಅಂದು ತಿಳಿದಿರಲಿಲ್ಲ. ತಿಳಿಯದ್ದನ್ನು ತಿಳಿದವನಂತೆ ನುಡಿದೆ.

ಉಡುಪಿ ಸೀಮೆಯ ಅದಮಾರಿನ ಯು.ಆರ್. ರಾವ್ ಅವರು ವಿಕ್ರಮ್ ಸಾರಾಭಾಯಿ ಅವರ ಬಳಿ ಸಂಶೋಧನೆಗೆಂದು ಬಂದದ್ದು ಇದೇ ಅಹಮದಾಬಾದಿಗೆ. ಅವರ ಹೆಸರು ಹೇಳಿ ಹೆಮ್ಮೆಪಡುವ ನಾವು, ನಮ್ಮ ಮಕ್ಕಳು ಅದೇ ಹಾದಿ ಹಿಡಿದರೆ ಏಕೆ ಅಂಜಬೇಕು? ನಮ್ಮ ಸಂಘಗಳು ಪ್ರತಿಭಾ ಪುರಸ್ಕಾರದ ದಿನ ಫಲಕ ಕೊಟ್ಟು ಕೈತೊಳೆದುಕೊಳ್ಳದೆ, ಮೂಲವಿಜ್ಞಾನದ ವಿದ್ವಾಂಸರೊಬ್ಬರಿಂದ ಕನ್ನಡದಲ್ಲೇ ಒಂದು ಗಂಟೆ ಮಾತನಾಡಿಸಲಿ. ಆ ದಿನ ಮಕ್ಕಳಿಗಿಂತ ಮುಂದಿನ ಸಾಲಿನಲ್ಲಿ ಕೂರಬೇಕಾದವರು ತಂದೆತಾಯಿಗಳು.